ಎರಡನೆಯ ಪ್ರಶ್ನೆಗೆ ಜಾಗವೆಲ್ಲಿ?

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ ಮೆರವಣಿಗೆ, ಉದ್ಘಾಟನೆ, ಗೋಷ್ಠಿ, ಸನ್ಮಾನಗಳ ನಡುವೆ ‘ಸಮ್ಮೇಳನಾಧ್ಯಕ್ಷರೊಂದಿಗೆ ಸಂವಾದ’ ಎಂಬ ಒಂದು ಕಾರ್ಯಕ್ರಮವಿರುತ್ತದೆ. ಅದರ ಕೆಳಗೆ ಸಂವಾದಕರ ಹೆಸರುಗಳ ಪಟ್ಟಿ. ಅಷ್ಟು ದೊಡ್ಡ ಜಾತ್ರೆಯಲ್ಲಿ ಓದುಗರು ಬರಹಗಾರರ ಎದುರು ನಿಂತು ನೇರವಾಗಿ ಕೇಳಲು ಸಿಗುವ ಅಪರೂಪದ ಹೊತ್ತು ಅದು. ಹಾಗಾಗಿಯೇ ಅದು ನಡೆಯುವ ರೀತಿ ನನ್ನನ್ನು ಬೇಸರಕ್ಕೆ ದೂಡುತ್ತದೆ.

ನಿರೂಪಕರು ಹೆಸರು ಕರೆಯುತ್ತಾರೆ. ಸಂವಾದಕರು ಮೈಕಿನ ಮುಂದೆ ಬಂದು ಅಧ್ಯಕ್ಷರನ್ನು ಅಭಿನಂದಿಸುತ್ತಾರೆ, ವಿಷಯಕ್ಕೊಂದು ಪೀಠಿಕೆ ಹಾಕುತ್ತಾರೆ, ಕೊನೆಗೆ ಪ್ರಶ್ನೆ ಇಡುತ್ತಾರೆ. ಅಧ್ಯಕ್ಷರು ಉತ್ತರಿಸುತ್ತಾರೆ. ಅಷ್ಟರಲ್ಲಿ ಮುಂದಿನ ಹೆಸರು. ಉತ್ತರ ಅರ್ಧಕ್ಕೆ ನಿಂತಿದ್ದರೂ, ಕೇಳಿದ್ದು ಒಂದು ಹೇಳಿದ್ದು ಇನ್ನೊಂದು ಆಗಿದ್ದರೂ, ಪ್ರಶ್ನೆ ಕೇಳಿದವರು ಮತ್ತೆ ಬಾಯಿ ತೆರೆಯುವಂತಿಲ್ಲ. ಮರುಪ್ರಶ್ನೆಗೆ ಅವಕಾಶವಿಲ್ಲದ ಮಾತುಕತೆಯಲ್ಲಿ ಬರಹಗಾರರು ಈಗಾಗಲೇ ನೂರು ಸಲ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ಎದ್ದು ಹೋಗಬಹುದು. ತಪ್ಪು ಅವರದಲ್ಲ. ಆ ಏರ್ಪಾಡು ಅವರಿಂದ ಬೇರೆ ಏನನ್ನೂ ಬೇಡುವುದೇ ಇಲ್ಲ.

ಈಚಿನ ನಾಲ್ವರು ಅಧ್ಯಕ್ಷರನ್ನೇ ನೋಡಿ. 2019ರಲ್ಲಿ ಧಾರವಾಡದಲ್ಲಿ ಚಂದ್ರಶೇಖರ ಕಂಬಾರ, 2020ರಲ್ಲಿ ಕಲಬುರಗಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ, 2023ರಲ್ಲಿ ಹಾವೇರಿಯಲ್ಲಿ ದೊಡ್ಡರಂಗೇಗೌಡ, 2024ರಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪ. ಒಬ್ಬರಂತೆ ಇನ್ನೊಬ್ಬರಿಲ್ಲ. ಆದರೆ ಕನ್ನಡ ಮಾಧ್ಯಮ, ಕನ್ನಡಿಗರ ಉದ್ಯೋಗದ ಕುರಿತ ಸರೋಜಿನಿ ಮಹಿಷಿ ವರದಿ, ಗಡಿ, ಶಾಲೆಗಳ ಮುಚ್ಚುವಿಕೆ ಎಂಬ ಪ್ರಶ್ನೆಗಳನ್ನು ನಾಲ್ವರಲ್ಲಿ ಯಾರ ಮುಂದಿಟ್ಟರೂ ನಡೆಯುತ್ತದೆ. ಕಂಬಾರರನ್ನು ಕೇಳಬೇಕಾದದ್ದು, ಕೃತಿಯಿಂದ ಕೃತಿಗೆ ಅವರ ಕಲ್ಪನೆಯ ಊರಾದ ಶಿವಾಪುರ ಯಾಕೆ ಮರಳಿ ಬರುತ್ತದೆ, ಹುಟ್ಟೂರು ಘೋಡಗೇರಿಯ ಯಾವ ಅಂಶ ಅದರೊಳಗೆ ಬರಲು ಒಪ್ಪಲಿಲ್ಲ ಎಂದು. ‘ಪರಸಂಗದ ಗೆಂಡೆತಿಮ್ಮ’ಕ್ಕೆ ಹಾಡು ಬರೆದ ದೊಡ್ಡರಂಗೇಗೌಡರನ್ನು, ಸಿನಿಮಾ ಹಾಡಿಗೆ ಕೂತಾಗ ಕವಿ ಏನನ್ನು ಬಿಟ್ಟುಕೊಡುತ್ತಾನೆ, ಏನನ್ನು ಕಲಿಯುತ್ತಾನೆ ಎಂದು. ಜನಪದ ಹಾಡುಗಳನ್ನು ಸಂಗ್ರಹಿಸಿದ ಗೊ.ರು.ಚ. ಅವರನ್ನು, ಹಾಡಿಕೊಟ್ಟ ಹೆಣ್ಣುಮಕ್ಕಳಿಗೆ ಪುಸ್ತಕದಲ್ಲಿ ಎಷ್ಟು ಜಾಗ ಸಿಕ್ಕಿತು ಎಂದು. ವೆಂಕಟೇಶಮೂರ್ತಿಯವರು ಕಾಳಿದಾಸನ ‘ಋತುಸಂಹಾರ’ವನ್ನು ಕನ್ನಡಕ್ಕೆ ತಂದವರು, ‘ಚಿನ್ನಾರಿ ಮುತ್ತ’ದ ಮಕ್ಕಳಿಗೂ ಹಾಡು ಕೊಟ್ಟವರು. ಆ ಸಂಸ್ಕೃತದಿಂದ ಈ ಮಕ್ಕಳ ಮಾತಿಗೆ ಒಂದೇ ಲೇಖನಿ ಹೇಗೆ ಬಂತು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಿತ್ತು. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಶಾಲೆ, ಉದ್ಯೋಗದ ಪ್ರಶ್ನೆಗಳು ಬೇಡವೆಂದು ಹೇಳುತ್ತಿಲ್ಲ. ತಾಲ್ಲೂಕಿನ ಮೇಷ್ಟ್ರು ತಮ್ಮ ಶಾಲೆಯ ಕಷ್ಟವನ್ನು ಅಷ್ಟು ದೊಡ್ಡ ಸಭೆಯ ಮುಂದಿಡುವುದಕ್ಕೆ ಖಂಡಿತ ಬೆಲೆಯಿದೆ. ಆದರೆ ಅದಕ್ಕೆ ಉತ್ತರ ಹೇಳಬೇಕಾದ ಮಂತ್ರಿಗಳು ಉದ್ಘಾಟನೆ ಮುಗಿಸಿ ಹೊರಟಿರುತ್ತಾರೆ. ಅಧಿಕಾರವಿಲ್ಲದ ಕವಿಯೊಬ್ಬರು ಸರ್ಕಾರದ ಪರವಾಗಿ ಭರವಸೆ ಕೊಡುತ್ತಾ ಕೂರುತ್ತಾರೆ, ಅವರ ಕವಿತೆಯ ಮಾತು ಬರುವುದೇ ಇಲ್ಲ.

ಕವಿಗೋಷ್ಠಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾಲುಗಟ್ಟಿ ಕೂತ ಕವಿಗಳು ಒಂದೊಂದು ಕವಿತೆ ಓದಿ ಇಳಿಯುತ್ತಾರೆ, ಯಾರನ್ನೂ ಯಾರೂ ಏನನ್ನೂ ಕೇಳುವುದಿಲ್ಲ.

ಬೇರೆ ರೀತಿಯಲ್ಲಿ ಮಾಡಲು ಬರುವುದಿಲ್ಲವೆಂದಲ್ಲ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ, ನೀನಾಸಂ ರಂಗಸಂಸ್ಥೆಯ ಸಂಸ್ಕೃತಿ ಶಿಬಿರದಲ್ಲಿ, ರಾತ್ರಿ ನೋಡಿದ ನಾಟಕವನ್ನು ಅದೇ ಜನ ಮರುದಿನ ಬೆಳಿಗ್ಗೆ ಕೂತು ಚರ್ಚಿಸುತ್ತಾರೆ. ಅಲ್ಲಿ ಮಾತಾಡಿದ ಬರಹಗಾರರು ಊಟದ ಸಾಲಿನಲ್ಲೂ ಸಿಗುತ್ತಾರೆ. ನಿನ್ನೆಯ ಉತ್ತರ ಸಾಲದಿದ್ದರೆ ಇಂದು ಮತ್ತೆ ಕೇಳಬಹುದು. ಗಿರಡ್ಡಿ ಗೋವಿಂದರಾಜರ ಮುಂದಾಳತ್ವದಲ್ಲಿ 2013ರಲ್ಲಿ ಶುರುವಾದ ಧಾರವಾಡದ ಸಾಹಿತ್ಯ ಸಂಭ್ರಮ ಮೆರವಣಿಗೆಯನ್ನೂ ಅಧ್ಯಕ್ಷಪೀಠವನ್ನೂ ಬಿಟ್ಟು ಗೋಷ್ಠಿಗಳನ್ನೇ ನೆಚ್ಚಿತು. ಇವೆರಡೂ ಸಣ್ಣ ಸಭೆಗಳು, ಓದಿಕೊಂಡವರ ಸಭೆಗಳು ಎಂಬ ಆಕ್ಷೇಪ ಸರಿಯೇ. ಸಮ್ಮೇಳನಕ್ಕೆ ಬರುವ ಜನಸಾಗರ ಅಲ್ಲಿಗೆ ಬರುವುದಿಲ್ಲ. ನನಗೆ ಬೇಕಿರುವುದು ಆ ಜನಸಾಗರದ ನಡುವೆಯೇ ಅಂಥ ಒಂದು ಗಂಟೆ.

ಪ್ರಶ್ನೆಯನ್ನು ತಡೆದರೆ ಏನಾಗುತ್ತದೆಂದು ಸಮ್ಮೇಳನದ ಚರಿತ್ರೆಯೇ ಹೇಳುತ್ತದೆ. 1979ರಲ್ಲಿ ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯ ಧರ್ಮಸ್ಥಳ ಸಮ್ಮೇಳನದ ಹೊತ್ತಿಗೆ, ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಯನ್ನು ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಒಂದು ಗೋಷ್ಠಿಯಲ್ಲಿ ಆಡಿ ಮುಗಿಯಬಹುದಾಗಿದ್ದ ಮಾತು ಚಳವಳಿಯಾಗಿ ಬೆಳೆದು ಕನ್ನಡ ಸಾಹಿತ್ಯದ ದಿಕ್ಕನ್ನೇ ಬದಲಿಸಿತು. ಆ ಚಳವಳಿಯ ಜೊತೆಯಲ್ಲೇ ಬೆಳೆದ ಬಾನು ಮುಷ್ತಾಕ್ ಬಳ್ಳಾರಿಯ 88ನೇ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಆಯ್ಕೆಯಾದರು. ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಿವೆ.

ಪ್ರಶಸ್ತಿ ಬಂದಾಗ ಹೇಗನ್ನಿಸಿತು ಎಂದು ಅವರನ್ನು ಕೇಳುವವರು ಬೇಕಾದಷ್ಟು ಜನ ಇರುತ್ತಾರೆ. ಹಾಸನದಲ್ಲಿ ವಕೀಲರಾಗಿ ಕೇಳಿಸಿಕೊಂಡ ಹೆಂಗಸರ ಕಷ್ಟ ಕಥೆಯಾಗುವಾಗ ಏನು ಉಳಿಯುತ್ತದೆ, ಏನು ಬಿಡಬೇಕಾಗುತ್ತದೆ? ಮನೆಯೊಳಗೆ ಉರ್ದುವಿನಲ್ಲಿ ಜಗಳವಾಡುವ ಹೆಂಗಸು ಕಥೆಯಲ್ಲಿ ಕನ್ನಡದಲ್ಲಿ ಜಗಳವಾಡುವಾಗ ಅವಳ ಸಿಟ್ಟಿನ ಬಣ್ಣ ಬದಲಾಗುತ್ತದೆಯೇ? ಈ ಪ್ರಶ್ನೆಗಳಿಗೆ ಒಂದು ಸುತ್ತಿನಲ್ಲಿ ಉತ್ತರ ಸಿಗುವುದಿಲ್ಲ. ಮೊದಲ ಉತ್ತರದೊಳಗಿನ ಒಂದು ಮಾತನ್ನು ಹಿಡಿದು ಮತ್ತೆ ಕೇಳಬೇಕು, ಅವರು ಒಪ್ಪದಿದ್ದರೆ ವಾದಿಸಬೇಕು. ಅದಕ್ಕೆ ಪಟ್ಟಿಯಲ್ಲಿ ಮೂರೇ ಹೆಸರು ಸಾಕು: ಅಧ್ಯಕ್ಷರ ಪುಸ್ತಕಗಳನ್ನು ಓದಿರುವ ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿನಿ, ಒಬ್ಬ ಕಥೆಗಾರ. ಅಧ್ಯಕ್ಷ ಭಾಷಣವನ್ನು ಅಚ್ಚು ಹಾಕಿಸುವ ಪರಿಷತ್ತು ಈ ಮಾತುಕತೆಯನ್ನೂ ಒಂದಕ್ಷರ ಬಿಡದೆ ಬರೆಸಿ, ಅದೇ ಪುಸ್ತಕದಲ್ಲಿ ಸೇರಿಸಲಿ.