ಕಾಣೆಯಾದವರ ಕತೆಯನ್ನು ಓದುವವರು ಯಾರು?

ದಲಿತ ವಿಮರ್ಶೆಯ ಸಂಚಿಕೆಗೆ ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು 'ಬೇರೆ ಪುಸ್ತಕ ಸಿಗಲಿಲ್ಲವೇನಯ್ಯಾ' ಎಂದರು. ಈ ಮಾತಿನ ಹಿಂದೆ ಕನ್ನಡ ವಿಮರ್ಶೆ ಬಹಳ ದಿನಗಳಿಂದ ಪಾಲಿಸಿಕೊಂಡು ಬಂದಿರುವ ಒಂದು ಮಡಿ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮ. ರಾಮಮೂರ್ತಿಯವರ ಪತ್ತೇದಾರಿ ಕತೆಗಳು ಒಂದು ಕಾಲಕ್ಕೆ ಅರ್ಧಂಬರ್ಧ ಅಕ್ಷರ ಕಲಿತವರನ್ನೂ ಓದುಗರನ್ನಾಗಿ ಮಾಡಿದವು. ಬಾಡಿಗೆ ಲೈಬ್ರರಿಯಿಂದ ತಂದು ಬೀದಿದೀಪದ ಕೆಳಗೆ ಕೂತು ಓದಿ ಮುಗಿಸುತ್ತಿದ್ದ ಆ ಓದುಗನಿಗೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಜಾಗವಿಲ್ಲ. ಕಾವ್ಯಮೀಮಾಂಸೆ ಹೇಳುವ 'ಸಹೃದಯ' ಅವನಲ್ಲ. ಸಹೃದಯನಾಗಲು ಪುರುಸೊತ್ತು ಬೇಕು, ಪುರುಸೊತ್ತಿಗೆ ಜಮೀನು ಬೇಕು. ಆದ್ದರಿಂದ ನಾನಿಲ್ಲಿ ಪುಸ್ತಕದಷ್ಟೇ ಅದರ ಓದುಗರ ಬಗ್ಗೆಯೂ ಮಾತಾಡಬೇಕಾಗಿದೆ. ಒಂದು ಕಾದಂಬರಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವಾಗ ಓದುಗ ತಾನು ಎಲ್ಲಿ ಕೂತಿದ್ದೇನೆ ಎಂಬುದನ್ನೂ ಹೇಳಿಬಿಡುತ್ತಾನೆ.

ದೀಪಾ ಅನಪ್ಪಾರ ಕೇರಳದವರು. ಮುಂಬಯಿ, ದೆಹಲಿಗಳಲ್ಲಿ ಪತ್ರಕರ್ತೆಯಾಗಿದ್ದವರು. ಅವರ ಮೊದಲ ಕಾದಂಬರಿ 'ಜಿನ್ ಪ್ಯಾಟ್ರೋಲ್ ಆನ್ ದಿ ಪರ್ಪಲ್ ಲೈನ್' ಇಂಗ್ಲಿಷಿನಲ್ಲಿ 2020ರಲ್ಲಿ ಬಂತು. 2021ರಲ್ಲಿ ಅಮೆರಿಕದ ಪತ್ತೇದಾರಿ ಬರಹಗಾರರ ಸಂಘ ಕೊಡುವ ಎಡ್ಗರ್ ಪ್ರಶಸ್ತಿಯೂ ಸಿಕ್ಕಿತು. ಉತ್ತರ ಭಾರತದ ಒಂದು ಮಹಾನಗರದ ಅಂಚಿನ ಬಸ್ತಿ. ಪಕ್ಕದಲ್ಲಿ 'ಹೈ-ಫೈ' ಜನರ ಬಹುಮಹಡಿ ಕಟ್ಟಡಗಳು. ಹೊಂಜು ಮುಸುಕಿದ ಚಳಿಗಾಲ. ಬಸ್ತಿಯ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗತೊಡಗುತ್ತಾರೆ. ಮೊದಲು ಬಹಾದೂರ್ ಎಂಬ ತೊದಲು ಮಾತಿನ ಹುಡುಗ, ಆಮೇಲೆ ಓಂವೀರ್, ಆಮೇಲೆ ಆಂಚಲ್, ಹೀಗೆ. ಪೊಲೀಸರು ಹುಡುಕುವುದಿಲ್ಲ. ಟಿ.ವಿ.ಯಲ್ಲಿ 'ಪೊಲೀಸ್ ಪ್ಯಾಟ್ರೋಲ್' ನೋಡಿ ತಾನೇ ಪತ್ತೇದಾರನೆಂದುಕೊಂಡ ಒಂಬತ್ತು ವರ್ಷದ ಜೈ, ಗೆಳತಿ ಪರಿ ಮತ್ತು ಗೆಳೆಯ ಫೈಜ್ ಜೊತೆ ಹುಡುಕಲು ಹೊರಡುತ್ತಾನೆ. ಕೊನೆಗೆ ಅವನ ಅಕ್ಕ ರುನುವೇ ಕಾಣೆಯಾಗುತ್ತಾಳೆ. ಅವಳು ಸಿಕ್ಕುವುದಿಲ್ಲ. (ಕೊನೆ ಹೇಳಿಬಿಟ್ಟೆನೆಂದು ಸಿಟ್ಟಾಗುವವರಿಗೆ: ಹೇಳದೆ ಈ ಪುಸ್ತಕದ ವಿಮರ್ಶೆ ಸಾಧ್ಯವಿಲ್ಲ.)

ಈ ಕಾದಂಬರಿ ಓದಿದವರ ಅಭಿಪ್ರಾಯಗಳನ್ನು ಕೇಳುತ್ತಾ ಹೋದರೆ ಎರಡು ದನಿಗಳು ಮತ್ತೆ ಮತ್ತೆ ಕೇಳಿಸುತ್ತವೆ. ಒಂದು ದೂರಿನ ದನಿ. ಇದನ್ನು ಪತ್ತೇದಾರಿ ಎಂದು ಕೊಟ್ಟರು, ಆದರೆ ಪತ್ತೆಯೇ ಆಗುವುದಿಲ್ಲ, ಕತೆ ನಿಧಾನ, ಕಾಣೆಯಾದ ಒಂದೊಂದು ಮಗುವಿಗೂ ಒಂದೊಂದು ಅಧ್ಯಾಯ ಬಿಟ್ಟುಕೊಟ್ಟು ಓಟ ತಡೆದಿದ್ದಾರೆ, ಕೊನೆಗೂ ಸರಿಯಾಗಿ ಬಿಡಿಸಿ ಹೇಳಿಲ್ಲ. ಇನ್ನೊಂದು ಮೆಚ್ಚುಗೆಯ ದನಿ. ಆ ಹುಡುಗ ಜೈ ಎಷ್ಟು ಮುದ್ದು, ಅಂಥ ಬಡತನದಲ್ಲೂ ಎಂಥಾ ನಗು, ಕಣ್ಣಲ್ಲಿ ನೀರು ಬಂತು. ನನಗೆ ಈ ಎರಡರಲ್ಲಿ ದೂರುವವರ ಜೊತೆ ಮಾತಾಡುವುದು ಸುಲಭ ಅನ್ನಿಸುತ್ತದೆ. ಅವರು ಏನೋ ಒಂದನ್ನು ಸರಿಯಾಗಿ ಗುರುತಿಸಿದ್ದಾರೆ. ಅದು ಯಾಕೆ ಹಾಗಿದೆ ಎಂದು ಮಾತ್ರ ಕೇಳಿಕೊಂಡಿಲ್ಲ.

ಪತ್ತೇದಾರಿ ಕತೆಯ ಚೌಕಟ್ಟು ಎಲ್ಲಿಂದ ಬಂತೆಂದು ನೋಡಬೇಕು. ಒಬ್ಬ ಮನುಷ್ಯ ಕಾಣೆಯಾದರೆ ಅದು ಲೋಕದ ಲಯ ತಪ್ಪಿದ ಹಾಗೆ, ಯಾರಾದರೂ ಬಂದು ಸರಿಮಾಡಲೇಬೇಕು ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಕಾನನ್ ಡಾಯ್ಲ್ 1891ರಲ್ಲಿ ಬರೆದ ಸೊಟ್ಟ ತುಟಿಯ ಮನುಷ್ಯನ ಕತೆಯನ್ನೇ ತೆಗೆದುಕೊಳ್ಳಿ. ನೆವಿಲ್ ಸೇಂಟ್ ಕ್ಲೇರ್ ಎಂಬ ಗೃಹಸ್ಥ ಕಾಣೆಯಾಗುತ್ತಾನೆ. ಅವನನ್ನು ಕೊಂದಿರಬೇಕೆಂದು ಒಬ್ಬ ಭಿಕ್ಷುಕನನ್ನು ಹಿಡಿದು ಲಾಕಪ್ಪಿಗೆ ಹಾಕುತ್ತಾರೆ. ಹೋಮ್ಸ್ ಒದ್ದೆ ಸ್ಪಂಜಿನಿಂದ ಭಿಕ್ಷುಕನ ಮುಖ ಒರೆಸಿದರೆ ಒಳಗಿರುವವನು ಅದೇ ಗೃಹಸ್ಥ! ಓದಿದಾಗ ನಾವೆಲ್ಲ ಬೆರಗಾಗಿದ್ದೇವೆ. ಆದರೆ ಆ ಸ್ಪಂಜು ಒರೆಸಿಹಾಕಿದ್ದು ಏನನ್ನು? ಆ ಕತೆಯಲ್ಲಿ ನಿಜವಾಗಿ ಕಾಣೆಯಾಗುವವನು ಭಿಕ್ಷುಕ. ಅವನು ಬರೀ ವೇಷ ಎಂದಾದ ಕೂಡಲೇ ಎಲ್ಲರಿಗೂ ಸಮಾಧಾನ. ಗೃಹಸ್ಥ ಸಿಕ್ಕಿದ ಮೇಲೆ ಭಿಕ್ಷುಕನನ್ನು ಯಾರೂ ಹುಡುಕುವುದಿಲ್ಲ.

ಅದೇ ಹೋಮ್ಸನ ಕತೆಗಳಲ್ಲಿ ಬೀದಿ ಮಕ್ಕಳ ಒಂದು ಪಡೆ ಇದೆ. ಸುದ್ದಿ ತಂದುಕೊಟ್ಟರೆ ದಿನಕ್ಕೊಂದು ಶಿಲ್ಲಿಂಗ್ ಕೂಲಿ. ಅವರು ಪತ್ತೇದಾರನ ಕಣ್ಣು, ಕಾಲು. ತಲೆ ಮಾತ್ರ ಅವನದು. ಅನಪ್ಪಾರರ ಕಾದಂಬರಿ ಈ ಕೂಲಿ ಮಕ್ಕಳಲ್ಲಿ ಒಬ್ಬನನ್ನು ಎಬ್ಬಿಸಿ ಪತ್ತೇದಾರನ ಕುರ್ಚಿಯಲ್ಲಿ ಕೂರಿಸುತ್ತದೆ. ಆಮೇಲೆ ಆಗುವುದನ್ನು ನೋಡಿ. ನೇರಳೆ ಲೈನಿನ ಮೆಟ್ರೋ ಹತ್ತಿ ರೈಲ್ವೆ ಸ್ಟೇಷನ್ನಿಗೆ ಹೋಗಿ ಬಹಾದೂರನನ್ನು ಹುಡುಕಲು ಜೈ ತನ್ನ ಅವ್ವ ಪ್ಯಾರಾಶೂಟ್ ಎಣ್ಣೆ ಡಬ್ಬದಲ್ಲಿ ಕೂಡಿಟ್ಟ ದುಡ್ಡು ಕದಿಯುತ್ತಾನೆ. ಕದ್ದ ದುಡ್ಡು ಮತ್ತೆ ಡಬ್ಬ ಸೇರಬೇಕಲ್ಲ, ಅದಕ್ಕೆ ಟೀ ಅಂಗಡಿಯಲ್ಲಿ ಲೋಟ ತೊಳೆಯಲು ಸೇರುತ್ತಾನೆ. ಹೋಮ್ಸ್ ತನಿಖೆಗೆ ಫೀಸು ತೆಗೆದುಕೊಳ್ಳುತ್ತಾನೆ, ಜೈ ತನಿಖೆಯ ಖರ್ಚಿಗೆ ಕೂಲಿ ಮಾಡುತ್ತಾನೆ. ಕತೆ ನಿಧಾನ ಅನ್ನುವವರು ಆ ಟೀ ಅಂಗಡಿಯ ಪುಟಗಳನ್ನು ಇನ್ನೊಮ್ಮೆ ಓದಬೇಕು. ತನಿಖೆ ನಿಂತುಹೋಗುವುದು ಅಲ್ಲಿ, ಆ ತೊಳೆಯಬೇಕಾದ ಲೋಟಗಳ ಮುಂದೆ.

ಪೊಲೀಸರ ವಿಷಯಕ್ಕೆ ಬರೋಣ. ಬಹಾದೂರನ ತಾಯಿ ಮಗನನ್ನು ಹುಡುಕಿಕೊಡಿ ಎಂದು ಬೇಡಿಕೊಂಡಾಗ ಪೊಲೀಸಿನವನು ಅವಳ ಕೊರಳ ಚಿನ್ನದ ಸರ ತೆಗೆದುಕೊಂಡು ಹೋಗುತ್ತಾನೆ. ಗಲಾಟೆ ಮಾಡಿದರೆ ಬುಲ್ಡೋಜರ್ ಬರುತ್ತದೆ ಎಂಬ ಬೆದರಿಕೆ ಬೇರೆ. ಅವತ್ತಿನಿಂದ ಜೈನ ಅವ್ವ ಬೇಕಾದ ಸಾಮಾನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟುಕೊಳ್ಳುತ್ತಾಳೆ. ಇದು ಅತಿಯಾಯಿತು, ಹೀಗೂ ಇರುತ್ತದಾ ಎನ್ನುವ ಓದುಗರೂ ಇದ್ದಾರೆ. ಅವರಿಗೆ ನಾನು ಕತೆ ಹೇಳುವುದಿಲ್ಲ, ಕಾನೂನಿನ ಚರಿತ್ರೆ ಹೇಳುತ್ತೇನೆ. ಠಾಣೆಗೆ ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆದುಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಖಡಾಖಂಡಿತವಾಗಿ ಹೇಳಿದ್ದು 2013ರ ನವೆಂಬರಿನಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ. ಲಲಿತಾ ಕುಮಾರಿ ಉತ್ತರಪ್ರದೇಶದಲ್ಲಿ ಕಾಣೆಯಾದ ಒಬ್ಬ ಚಿಕ್ಕ ಹುಡುಗಿ. ಠಾಣೆಯವರು ಮೊದಲು ದೂರು ಬರೆದುಕೊಳ್ಳಲಿಲ್ಲ, ಮೇಲಧಿಕಾರಿಯ ಬಳಿ ಹೋಗಿ ಬರೆಸಿದ ಮೇಲೂ ಹುಡುಕಲಿಲ್ಲ; ಅವಳ ತಂದೆ ದೆಹಲಿಯ ಆ ಕೋರ್ಟಿನವರೆಗೆ ಹೋಗಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಪ್ರಕರಣದಲ್ಲಿ, ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಅಪಹರಣವೋ ಸಾಗಾಣಿಕೆಯೋ ಆಗಿರಬಹುದೆಂದೇ ತಿಳಿದು ಎಫ್‌ಐಆರ್ ಹಾಕಿ ಎಂದು ಅದೇ ಕೋರ್ಟು ಆದೇಶಿಸಿತ್ತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗಲೂ, ದೂರು ದಾಖಲಿಸುವುದು ಅಧಿಕಾರಿಯ ಕರ್ತವ್ಯ ಎಂದು ಬಿಡಿಸಿ ಬರೆಯಬೇಕಾಯಿತು. ಬರೆದುಕೊಳ್ಳಿ ಎಂದು ಇಷ್ಟು ಸಾರಿ ಹೇಳಬೇಕಾಗಿ ಬಂದಿದೆ ಎಂದರೆ ಬರೆದುಕೊಳ್ಳದೆ ವಾಪಸ್ ಕಳಿಸಿದ್ದು ಎಷ್ಟು ಸಾರಿ ಇರಬೇಕು?

ಇಲ್ಲಿಂದ ನೋಡಿದರೆ ಓದುಗರು ಬೇಸರಪಟ್ಟುಕೊಂಡ ಆ ಬಿಡಿ ಅಧ್ಯಾಯಗಳು ಬೇರೆಯಾಗಿ ಕಾಣುತ್ತವೆ. ಕಾಣೆಯಾಗುವ ಮಕ್ಕಳ ಹೆಸರಿನಲ್ಲೇ ಅವು ಇವೆ. ಆ ಮಗು ಕೊನೆಯದಾಗಿ ಎಲ್ಲಿತ್ತು, ಯಾರ ಬಗ್ಗೆ ಯೋಚಿಸುತ್ತಿತ್ತು, ಮನೆಗೆ ಹೋಗಲು ಯಾಕೆ ಹಿಂಜರಿಯಿತು ಎಂದು ಹೇಳಿ, ಕತ್ತಲು ಬರುವ ಹೊತ್ತಿಗೆ ನಿಂತುಬಿಡುತ್ತವೆ. ಠಾಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೇ ಅಲ್ಲವೆ? ಎಲ್ಲಿ ನೋಡಿದಿರಿ, ಎಷ್ಟು ಹೊತ್ತಿಗೆ, ಯಾವ ಬಟ್ಟೆ, ಯಾರ ಜೊತೆ? ಯಾರೂ ಬರೆದುಕೊಳ್ಳದ ದೂರನ್ನು ಕಾದಂಬರಿ ಬರೆದುಕೊಳ್ಳುತ್ತಿದೆ. ಓಟ ತಡೆದಿದ್ದಾರೆ ಎನ್ನುವುದು ನಿಜ. ಓಟ ತಡೆಯದೆ ಇಂಥದನ್ನು ಬರೆಯಲಾಗುವುದಿಲ್ಲ.

ಇನ್ನು ಮೆಚ್ಚುಗೆಯ ದನಿ. ಇದು ನನಗೆ ಹೆಚ್ಚು ತೊಡಕಿನದು, ಯಾಕೆಂದರೆ ಇದರಲ್ಲಿ ಕಾದಂಬರಿಯ ಪಾಲೂ ಇದೆ. ಜೈನ ಮಾತು ಚುರುಕಾಗಿದೆ, ನಗು ಬರುತ್ತದೆ. ಆ ನಗುವಿನ ಸಲುಗೆಯಲ್ಲಿ ಓದುಗ ಬಸ್ತಿಯೊಳಗೆ ಓಡಾಡಿ ಸುಖವಾಗಿ ಹೊರಗೆ ಬಂದುಬಿಡಬಹುದು. ಮಗುವಿನ ಕಣ್ಣಿನಿಂದ ಹೇಳುವುದರ ಅನುಕೂಲ ಇದು, ಅಪಾಯವೂ ಇದೇ. ಗೋಲ್ಡನ್ ಗೇಟ್ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಜೈನ ಅವ್ವನಂಥವಳು ತನ್ನ ಮನೆಯಲ್ಲೂ ಇದ್ದಾಳೆ ಎಂದು ಕಣ್ಣೀರು ಹಾಕಿದ ಓದುಗನಿಗೆ ಎಷ್ಟು ಹೊತ್ತಿಗೆ ನೆನಪಾಗುತ್ತದೋ! ಇಂಗ್ಲಿಷ್ ಕಾದಂಬರಿಗಳನ್ನು ಕೊಂಡು ಓದುವವರಲ್ಲಿ ಬಹಳ ಮಂದಿಯ ವಿಳಾಸ ಆ ಹೈ-ಫೈ ಕಟ್ಟಡದ್ದೇ.

ನಾನು ಪಾಠ ಮಾಡುವುದು ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ. ಅಲ್ಲಿನ ಹಾಸ್ಟೆಲ್ ಹುಡುಗ ಹುಡುಗಿಯರು ಎಂಟು ಹತ್ತು ಜನರಿಗೆ ಕೆಲವು ಶನಿವಾರ ಈ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಾ, ನಡುನಡುವೆ ಓದುತ್ತಾ ಹೋದೆ. ಅವರು ಮುದ್ದು ಗಿದ್ದು ಅನ್ನಲಿಲ್ಲ. ಮೊದಲ ದಿನವೇ ಒಬ್ಬ ಕೇಳಿದ: 'ಸಾರ್, ಈ ಜೈ ಯಾವ ಜನ?' ಇನ್ನೊಬ್ಬ, 'ಅಪ್ಪ ಕಟ್ಟಡದ ಕೆಲಸ, ಅವ್ವ ಮನೆಕೆಲಸ, ಇನ್ಯಾವ ಜನ ಆಗಿರ್ತಾರೆ ಬಿಡೋ' ಎಂದ. ಮೊದಲಿನವನು ಬಿಡಲಿಲ್ಲ. 'ಹಂಗಾದ್ರೆ ಯಾಕೆ ಹೇಳಲ್ಲ? ಫೈಜ್ ಸಾಬರ ಹುಡುಗ ಅಂತ ಗೊತ್ತಾಯ್ತದೆ, ಇವನದು ಯಾಕೆ ಗೊತ್ತಾಗಲ್ಲ?'

ಈ ಪ್ರಶ್ನೆಯನ್ನು ನಾನು ಓದಿದ ಯಾವ ವಿಮರ್ಶೆಯಲ್ಲೂ ಕಾಣಲಿಲ್ಲ. ಕಾದಂಬರಿ ಮತದ ರಾಜಕೀಯವನ್ನು ಚೆನ್ನಾಗಿ ಹಿಡಿದಿದೆ. ಹಿಂದೂ ಸಮಾಜ ಎಂಬ ಗುಂಪು, ಅದರ ಪ್ರಧಾನ, ಮಕ್ಕಳು ಕಾಣೆಯಾದದ್ದಕ್ಕೆ ಮುಸ್ಲಿಂ ಹುಡುಗರ ಮೇಲೆ ತಿರುಗುವ ಅನುಮಾನ, ಫೈಜನ ಅಣ್ಣನನ್ನೇ ಪೊಲೀಸರು ಹಿಡಿದೊಯ್ಯುವುದು, ಎಲ್ಲ ಕರಾರುವಾಕ್ಕಾಗಿ ಬಂದಿದೆ. ಜಾತಿ ಮಾತ್ರ ಬಡತನ ಎಂಬ ಕಂಬಳಿ ಹೊದ್ದು ಮಲಗಿದೆ. ಅಷ್ಟು ಒತ್ತೊತ್ತಾದ ಬಸ್ತಿಯಲ್ಲಿ ನಲ್ಲಿಯ ಸರದಿಗೂ, ಕಕ್ಕಸಿನ ಸಾಲಿಗೂ, ಚಿಂದಿ ಆಯುವ ಕೆಲಸಕ್ಕೂ ಜಾತಿ ಇರುವುದಿಲ್ಲವೆ? ಬಡವ ಎಂದರೆ ಇಂಗ್ಲಿಷ್ ಓದುಗನಿಗೆ ಕರುಣೆ ಬರುತ್ತದೆ. ಜಾತಿಯ ಹೆಸರು ಹೇಳಿದರೆ ಅವನು ತನ್ನ ಜಾತಿಯನ್ನೂ ನೆನಪಿಸಿಕೊಳ್ಳಬೇಕಾಗುತ್ತದೆ. ಲೇಖಕಿ ಬೇಕೆಂದೇ ಬಿಟ್ಟರು ಎಂದು ನಾನು ಹೇಳುತ್ತಿಲ್ಲ. ಬಿಟ್ಟದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳುತ್ತಿದ್ದೇನೆ.

ಆಂಚಲ್ ಕಾಣೆಯಾದ ಭಾಗ ಓದಿದ ದಿನ ಹುಡುಗಿಯರು ಜಾಸ್ತಿ ಮಾತಾಡಿದರು. ವಯಸ್ಸಿಗೆ ಬಂದ ಹುಡುಗಿ, ಅವಳ ಬಗ್ಗೆ ಮೊದಲೇ ಊರಿನ ಗುಸುಗುಸು, ಹಾಗಾಗಿ ಕಾಣೆಯಾದರೆ 'ಓಡಿಹೋಗಿರಬೇಕು'. 'ಹುಡುಗ ಕಾಣೆಯಾದ್ರೆ ಕಾಣೆಯಾದ, ಹುಡುಗಿ ಕಾಣೆಯಾದ್ರೆ ಓಡಿಹೋದ್ಲು' ಎಂದಳು ಒಬ್ಬಳು. ಅವಳಿಗೆ ಕಾದಂಬರಿಯ ಮೇಲೆ ಸಿಟ್ಟೂ ಇತ್ತು. ರುನು ಓಟಗಾರ್ತಿ. ಶಾಲೆಯ ರಿಲೇ ತಂಡದವಳು, ಅವಳೊಬ್ಬಳೇ ಆ ಬಸ್ತಿಯಿಂದ ಓಡಿ ಹೊರಗೆ ಹೋಗಬಲ್ಲವಳು. 'ಅವಳನ್ನೇ ಯಾಕೆ ಕಾಣೆ ಮಾಡ್ಬೇಕಿತ್ತು ಸಾರ್? ತಮ್ಮ ಅಳಲಿ ಅಂತಾನಾ?' ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕನ್ನಡದಲ್ಲಿ ಇಂಥ ಹುಡುಕಾಟದ ಕತೆ ಇಲ್ಲವೆ ಎಂದರೆ, ಇದೆ. ಯಾರೂ ಅದನ್ನು ಪತ್ತೇದಾರಿ ಎಂದು ಕರೆದಿಲ್ಲ ಅಷ್ಟೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಹುಂಜ ಕಾಣೆಯಾಗಿದೆ. ಅವಳು ಊರೆಲ್ಲ ಹುಡುಕುತ್ತಾಳೆ. ಸಾಹುಕಾರನ ಕಡಲೆಕಾಯಿಯೂ ಕಾಣೆಯಾಗಿದೆ. ಪೊಲೀಸರು ಬರುತ್ತಾರೆ, ಆದರೆ ಯಾವುದಕ್ಕೆ? ಕಡಲೆಕಾಯಿಗೆ. ಎರಡು ಕಳೆದುಹೋದದ್ದನ್ನು ಒಂದೇ ಕತೆಯಲ್ಲಿ ಅಕ್ಕಪಕ್ಕ ಇಟ್ಟು, ಸರ್ಕಾರದ ಲಾಠಿ ಯಾವುದರ ಹಿಂದೆ ಹೋಗುತ್ತದೆ ಎಂದು ತೋರಿಸಿದ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮಹಾದೇವರಿಗೆ ಸಾಕವ್ವನ ಜಾತಿಯನ್ನು ಮುಚ್ಚಿಡುವ ದರ್ದು ಇರಲಿಲ್ಲ, ಅವಳನ್ನು ಮುದ್ದು ಮಾಡುವ ದರ್ದೂ ಇರಲಿಲ್ಲ. ಅನಪ್ಪಾರರ ಬಸ್ತಿಗೂ ಸಾಕವ್ವನ ಗುಡಿಸಲಿಗೂ ಇರುವ ಈ ಅಂತರವನ್ನು ಭಾಷೆಯ ಅಂತರ ಎಂದು ಮಾತ್ರ ತಿಳಿಯಲಾಗದು.

ಕೊನೆಯದಾಗಿ, ಕೊಲೆಗಾರ ಯಾರೆಂದು ಸರಿಯಾಗಿ ಹೇಳಿಲ್ಲ ಎಂಬ ದೂರು. ಕಾದಂಬರಿಯಲ್ಲಿ ಸಿಕ್ಕಿಬೀಳುವವನು ಹೈ-ಫೈ ಫ್ಲಾಟಿನಲ್ಲಿ ಕೆಲಸಕ್ಕಿರುವ ಆಳು. ಫ್ಲಾಟಿನ ಒಡತಿಗೆ ಎಷ್ಟು ಗೊತ್ತಿತ್ತು ಎಂಬುದು ಮಸುಕಾಗಿಯೇ ಉಳಿಯುತ್ತದೆ. ಓದಿದವರಲ್ಲಿ ಅನೇಕರಿಗೆ ನಿಠಾರಿ ನೆನಪಾಗುತ್ತದೆ. ದೆಹಲಿಗೆ ಅಂಟಿಕೊಂಡ ನೊಯ್ಡಾದ ಆ ಹಳ್ಳಿಯಿಂದ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗಿ, 2006ರ ಡಿಸೆಂಬರ್ ಕೊನೆಗೆ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮೂಳೆಗಳು ಸಿಕ್ಕವು. ದೂರು ಕೊಟ್ಟರೂ ಕೇಳಲಿಲ್ಲವೆಂದು ತಂದೆತಾಯಿಗಳು ಅಂದೇ ಹೇಳಿದ್ದರು. ಮಾಲೀಕನಿಗೂ ಮನೆಯಾಳಿಗೂ ಗಲ್ಲು ಶಿಕ್ಷೆಯಾಯಿತು. ಕಾದಂಬರಿ ಬಂದು ಮೂರು ವರ್ಷದ ಮೇಲೆ, 2023ರ ಅಕ್ಟೋಬರಿನಲ್ಲಿ, ಅಲಹಾಬಾದ್ ಹೈಕೋರ್ಟು ಅವರ ಮುಂದಿದ್ದ ಪ್ರಕರಣಗಳಲ್ಲಿ ಇಬ್ಬರನ್ನೂ ಬಿಡುಗಡೆ ಮಾಡಿತು. ತನಿಖೆ ಮಾಡಿದವರು ಬಡ ಆಳನ್ನು ರಾಕ್ಷಸನನ್ನಾಗಿ ತೋರಿಸುವ ಸುಲಭದ ದಾರಿ ಹಿಡಿದರು ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಉಳಿದಿದ್ದ ಒಂದು ಪ್ರಕರಣದಲ್ಲೂ ಆ ಆಳನ್ನು ಬಿಟ್ಟಿತು. ಮೂಳೆಗಳು ಸಿಕ್ಕಿ ಹತ್ತೊಂಬತ್ತು ವರ್ಷವಾಗುತ್ತಾ ಬಂದಿತ್ತು. ಈ ಸುದ್ದಿ ಬಂದ ವಾರ ನನ್ನ ಹುಡುಗನೊಬ್ಬ ಪೇಪರು ಹಿಡಿದು ಬಂದ. 'ಸಾರ್, ಹಂಗಾದ್ರೆ ಮಕ್ಳನ್ನ ಯಾರೂ ಕೊಂದಿಲ್ಲ ಅಂತಾನಾ?'