ಹಿಡಿತ ಇರಲಿ, ಪೆಟ್ಟು ಬೇಡ

ಗೊಳಸಂಗಿ, ನಿಡಗುಂದಿ, ಬಸವನ ಬಾಗೇವಾಡಿ ಸೀಮೆಯ ಕಬಡ್ಡಿ ಬೆಳೆದದ್ದು ಎರೆಮಣ್ಣಿನ ಮೇಲೆ. ಬಿಸಿಲಿಗೆ ಬಿರಿದ ಎರೆ ಕಲ್ಲಿಗಿಂತ ಮೆತ್ತಗಿರುವುದಿಲ್ಲ. ಅಲ್ಲಿ ಮೊಣಕೈ ಕೆತ್ತಿಸಿಕೊಂಡು ಎದ್ದವನಿಗೆ ಸಿಳ್ಳೆ, ನೋವೆಂದು ಕೂತವನಿಗೆ ನಗೆಪಾಟಲು. ರೈಡರನ ಉಸಿರು ಕಟ್ಟಿಸಿದವನೇ ಗಟ್ಟಿಗ. ಸುತ್ತ ನಿಂತವರ ಕೂಗೂ ಒಂದೇ: ‘ಬಿಡಬ್ಯಾಡಲೇ!’

ನಿಯಮ ಈ ಗಟ್ಟಿಗತನವನ್ನು ಒಪ್ಪುವುದಿಲ್ಲ. ಬಾಯಿ ಮುಚ್ಚುವುದು, ಕುತ್ತಿಗೆ ಒತ್ತುವುದು, ಕಾಲುಗಳ ಕತ್ತರಿ ಹಾಕಿ ಕೆಡಹುವುದು, ಗಾಯವಾಗುವಂತೆ ಹಿಡಿಯುವುದು ಎಲ್ಲವೂ ತಪ್ಪು. ಉಗುರನ್ನೂ ಕತ್ತರಿಸಿರಬೇಕು. ಹಸಿರು ಕಾರ್ಡ್ ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಜಾತ್ರೆಯ ಪಂದ್ಯದಲ್ಲಿ ಇವು ರೆಫರಿಯ ಜೇಬಿನಿಂದ ಹೊರಬರುವುದೇ ಅಪರೂಪ. ಆತಿಥೇಯ ಊರಿನ ಹುಡುಗನಿಗೆ ಕಾರ್ಡ್ ತೋರಿಸಿ ಸುಮ್ಮನೆ ಮನೆಗೆ ಹೋಗುವ ಧೈರ್ಯ ಯಾರಿಗಿದೆ?

2014ರಲ್ಲಿ ಟಿವಿಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ನೋಡುವ ಕಣ್ಣು ಸ್ವಲ್ಪ ಬದಲಾಯಿತು. ಕಾರ್ಡಿನ ಬಣ್ಣದ ಅರ್ಥ ಈಗ ಶಾಲೆಯ ಮಕ್ಕಳಿಗೂ ಗೊತ್ತು. 2019ರ ಜನವರಿಯ ಫೈನಲಿನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟಾಗ, ಕೆಡಹುವವನಿಗಿಂತ ಜಾರಿಕೊಳ್ಳುವವನು ಹೀರೋ ಆದ. ಇದು ಒಳ್ಳೆಯ ಲಕ್ಷಣ. ಆದರೆ ಅದೇ ಟಿವಿ, ರೈಡರನನ್ನು ಭುಜದಿಂದ ಗುದ್ದಿ ಗೆರೆಯಾಚೆ ಹಾರಿಸುವ ಡ್ಯಾಶ್ ಅನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತದೆ. ಡ್ಯಾಶ್ ನಿಯಮಬದ್ಧವೇ. ಮ್ಯಾಟ್ ಮೇಲೆ, ಪಳಗಿದ ಆಟಗಾರರ ನಡುವೆ ಅದು ಕೌಶಲ. ಹಾರಿ ಬಿದ್ದವನ ಕೆಳಗೆ ಎರೆಹೆಂಟೆ ಇದ್ದರೆ ಎಲುಬು ಮುರಿಯುತ್ತದೆ. ಹಳ್ಳಿಯ ಹುಡುಗರು ಕಲಿತದ್ದು ಡ್ಯಾಶನ್ನು. ಮ್ಯಾಟು, ಫಿಸಿಯೋ ಟಿವಿಯೊಳಗೇ ಉಳಿದವು.

ಹಿಡಿತವಿಲ್ಲದೆ ಕಬಡ್ಡಿಯಿಲ್ಲ, ಆಟವನ್ನು ಸಪ್ಪೆ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಇಬ್ಬರು ಕೈಕೈ ಹಿಡಿದು ರೈಡರನನ್ನು ಸುತ್ತುವ ಚೈನ್, ಹೊತ್ತು ನೋಡಿ ಹಾಕುವ ಪಾದದ ಹಿಡಿತ ನೋಡಲಿಕ್ಕೆ ಚೆಂದ, ಪೆಟ್ಟೂ ಕಡಿಮೆ. ತೀರ್ಪು ಕೊಡಬೇಕಾದ್ದು ಆಟಗಾರರ ಮೇಲಲ್ಲ, ಸಂಘಟಕರ ಮೇಲೆ. ಆಳೆತ್ತರದ ಟ್ರೋಫಿ, ಹೊನಲು ಬೆಳಕು, ಮೈಕು ಎಲ್ಲಕ್ಕೂ ದುಡ್ಡು ಸಿಗುತ್ತದೆ. ಮುಂದಿನ ಜಾತ್ರೆಗೆ ಟ್ರೋಫಿಯ ಎತ್ತರ ಒಂದು ಗೇಣು ಇಳಿಸಿ: ಅಂಕಣ ಅಗೆದು ಹಸನು ಮಾಡಿಸಿ, ಹೊರಗಿನ ಊರಿನ ರೆಫರಿಯನ್ನು ಕರೆಸಿ, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರನ್ನು ಗೆರೆಯ ಪಕ್ಕದಲ್ಲೇ ಕೂರಿಸಿ.