ರಿವೆಟ್‌ಗಿಂತ ಮೊದಲು ತೂಕ

ರೇಡಿಯೋ ನಿಯಂತ್ರಣದ ಸ್ಕೇಲ್ ಹೆಲಿಕಾಪ್ಟರನ್ನು ಮೆಚ್ಚುವ ರೂಢಿ ಎಲ್ಲ ಕಡೆಯೂ ಒಂದೇ. ಮೇಜಿನ ಮೇಲಿಟ್ಟು ರಿವೆಟ್ ಸಾಲು, ಬಾಗಿಲಿನ ಹಿಡಿ, ಕಾಕ್‌ಪಿಟ್‌ನ ಮೀಟರುಗಳು, ಪೈಲಟ್ ಬೊಂಬೆಯ ಸೀಟ್ ಬೆಲ್ಟ್ ನೋಡುತ್ತಾರೆ. ಎಲ್ಲವೂ ಮೂಲದಂತಿದ್ದರೆ ಮಾದರಿ ಗೆದ್ದಂತೆ. ಹಾರಾಟದ ಮಾತೆತ್ತಿದರೆ, "ಅದಕ್ಕೆ ಗೈರೋ ಇದೆಯಲ್ಲ" ಎಂಬ ಉತ್ತರ. ಈ ಅಳತೆಗೋಲೇ ತಪ್ಪು ಎಂದು ನಾನು ನಂಬುತ್ತೇನೆ. ಹೊರಮೈಗೇ ಮಣೆ ಹಾಕಿದ ಮಾದರಿ ನೆಲ ಬಿಟ್ಟೊಡನೆ ಮೂಲದ ಹೋಲಿಕೆ ಕಳೆದುಕೊಳ್ಳುತ್ತದೆ. ಅದಕ್ಕೆ ಕಾರಣವೂ ಆ ವಿವರಗಳೇ.

ನಮ್ಮ ಚೇತಕ್ಕನ್ನೇ ನೋಡಿ. ಫ್ರಾನ್ಸಿನ ಅಲೂಯೆಟ್–3 ಹೆಲಿಕಾಪ್ಟರನ್ನು ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು 1960ರ ದಶಕದಿಂದ ತಯಾರಿಸಿದ್ದು ಈ ಹೆಸರಿನಲ್ಲಿ. ಅದರ ಮೂರು ಬ್ಲೇಡಿನ ರೋಟರಿನ ವ್ಯಾಸ 11.02 ಮೀಟರ್. ಏಳರಲ್ಲೊಂದು ಪಾಲಿಗೆ ಇಳಿಸಿದರೆ ಸುಮಾರು 1.57 ಮೀಟರ್, ಮಾರುಕಟ್ಟೆಯಲ್ಲಿ ಸಿಗುವ 700 ವರ್ಗದ ಯಂತ್ರಭಾಗಕ್ಕೆ ಸರಿಹೊಂದುವ ಅಳತೆ. ಚೇತಕ್‌ನ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಮಾದರಿ ಯಂತ್ರಗಳದೂ ಬಹುಮಟ್ಟಿಗೆ ಹಾಗೆಯೇ. ಇಲ್ಲಿಯವರೆಗೆ ಎಲ್ಲ ಸಲೀಸು.

ತೊಡಕು ಶುರುವಾಗುವುದು ತಕ್ಕಡಿಯ ಮೇಲೆ. ಉದ್ದ ಏಳು ಪಟ್ಟು ಇಳಿದರೆ ತೂಕ ಏಳರ ಘನದಷ್ಟು, ಅಂದರೆ 343 ಪಟ್ಟು ಇಳಿಯಬೇಕು. ಗರಿಷ್ಠ 2,200 ಕಿಲೋ ತೂಗುವ ಚೇತಕ್ ಮಾದರಿಯಲ್ಲಿ 6.4 ಕಿಲೋ. ಮೂಲದ ರೋಟರ್ ನಿಮಿಷಕ್ಕೆ ಸುಮಾರು 350 ಸುತ್ತು ಹಾಕುತ್ತದೆ. ಗುರುತ್ವವನ್ನು ನಾವು ಚಿಕ್ಕದು ಮಾಡಲಾರೆವಾದ್ದರಿಂದ ಮಾದರಿಯಲ್ಲಿ ಸುತ್ತು ಏಳರ ವರ್ಗಮೂಲದಷ್ಟು ಏರಬೇಕು: 930ರ ಆಸುಪಾಸು. ಈ ತೂಕ, ಈ ಸುತ್ತು ಕೂಡಿದರೆ ಯಂತ್ರ ಮೂತಿ ತಗ್ಗಿಸಿ ಹೊರಡುವುದರಲ್ಲೂ ನೆಲಕ್ಕೆ ಇಳಿಯುವುದರಲ್ಲೂ ಚೇತಕ್‌ನ ನಡೆ ಕಾಣುತ್ತದೆ.

ಇನ್ನು ಪುಟ್ಟಿ, ಬಣ್ಣದ ಮೇಲೆ ಬಣ್ಣ, ಸೀಟು, ಬೊಂಬೆ ಸೇರಿ ತೂಕ ಹತ್ತು ಕಿಲೋ ಮುಟ್ಟಿತೆನ್ನಿ. ಎತ್ತುವ ಬಲ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಬ್ಲೇಡು ಅದೇ, ಕೋನ ಅದೇ ಆದರೆ 1,160 ಸುತ್ತು ಬೇಕು. ಹೆಲಿಕಾಪ್ಟರಿನ ಗಂಭೀರ ಬಡಿತ ಹೋಗಿ ಜೀರುಂಡೆಯಂಥ ಗುಂಯ್ಗುಡುವಿಕೆ ಉಳಿಯುತ್ತದೆ. ಸಾವಿರ ರಿವೆಟ್ ಅಂಟಿಸಿದರೂ ಆ ಸದ್ದನ್ನು ಮುಚ್ಚಲಾಗದು.

ಕಡಿಮೆ ಸುತ್ತು ಅಪಾಯ ಎಂದು ಅನುಭವಿಗಳು ಎಚ್ಚರಿಸುತ್ತಾರೆ. ಆ ಮಾತು ನಿಜ. ಮೋಟಾರ್ ಕೈಕೊಟ್ಟಾಗ ಇಳಿಸಲು ನೆರವಾಗುವ ರೋಟರಿನ ಶಕ್ತಿಯೂ ಸುತ್ತಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬಾಲದ ರೋಟರ್ ಗೇರಿನಿಂದ ಮುಖ್ಯ ರೋಟರಿಗೇ ಬೆಸೆದಿರುವುದರಿಂದ ಅದೂ ನಿಧಾನವಾಗಿ, ಗಾಳಿ ಬೀಸಿದಾಗ ಬಾಲ ಹಿಡಿತಕ್ಕೆ ಸಿಗದೆ ತಿರುಗಬಹುದು. ಆದರೆ ಇದಕ್ಕೆ ಪರಿಹಾರ ಇರುವುದು ಕಟ್ಟುವ ಕೆಲಸದಲ್ಲೇ. ಥ್ರಾಟಲ್ ತಗ್ಗಿಸುವ ಬದಲು ಮೋಟಾರಿನ ಪಿನಿಯನ್ ಗೇರು ಬದಲಿಸಬೇಕು, ಬಾಲಕ್ಕೆ ಉದ್ದದ ಬ್ಲೇಡು ಕೊಡಬೇಕು, ಮುಖ್ಯ ಬ್ಲೇಡುಗಳನ್ನು ಪ್ರಮಾಣಕ್ಕಿಂತ ತುಸು ಅಗಲ ಮಾಡಬೇಕು. ಏಕೆಂದರೆ ಅಷ್ಟು ಚಿಕ್ಕ ಬ್ಲೇಡಿಗೆ ಗಾಳಿಯ ಅಂಟುತನ ದೊಡ್ಡ ಬ್ಲೇಡಿಗಿಂತ ಹೆಚ್ಚು ಕಾಡುತ್ತದೆ. ಅಗಲ ಬ್ಲೇಡು ಕಂಡೊಡನೆ "ಇದು ಸ್ಕೇಲ್ ಅಲ್ಲ" ಎನ್ನುವವರಿದ್ದಾರೆ. ಆ ಮಾದರಿಯಲ್ಲಿ ಅತಿ ಪ್ರಾಮಾಣಿಕವಾದ ಭಾಗ ಅದೇ ಎಂದು ನಾನು ಹೇಳುತ್ತೇನೆ.

ಇದು ಹೊಸ ಸ್ವಾತಂತ್ರ್ಯವೇನಲ್ಲ. ಜರ್ಮನಿಯ ಡೀಟರ್ ಶ್ಲ್ಯೂಟರ್ 1970ರ ದಶಕದ ಆರಂಭದಲ್ಲಿ ತಂದ ಹ್ಯೂಯಿ ಕೋಬ್ರಾ ಮಾದರಿಯ ರೋಟರಿನ ಮೇಲೆ ಸ್ಥಿರತೆಗಾಗಿ ಒಂದು ಅಡ್ಡದಂಡವಿತ್ತು. ಸೇನೆಯ ನಿಜವಾದ ಕೋಬ್ರಾ ಹೆಲಿಕಾಪ್ಟರಿನಲ್ಲಿ ಅದು ಇರಲಿಲ್ಲ. ರೂಪದಲ್ಲಿ ಆ ಒಂದು ಸುಳ್ಳು ಇದ್ದುದರಿಂದಲೇ ಮಾದರಿ ಹಾರಿತು. ಇಂದು ಆ ದಂಡದ ಕೆಲಸವನ್ನು ಗೈರೋ ವಹಿಸಿಕೊಂಡಿದೆ. ಯಂತ್ರವನ್ನು ನೆಟ್ಟಗೆ ನಿಲ್ಲಿಸಬಲ್ಲ ಗೈರೋಗೆ ಅತಿಭಾರದ ಯಂತ್ರವನ್ನು ಹಗುರ ಮಾಡುವ ಶಕ್ತಿ ಇಲ್ಲ.

ಪ್ರದರ್ಶನಗಳಲ್ಲಿ ಮಾದರಿಯ ಮುಂದೆ ಇಡುವ ಚೀಟಿಯಲ್ಲಿ ಪ್ರಮಾಣದ ಜೊತೆಗೆ ಹಾರುವಾಗಿನ ತೂಕ, ರೋಟರಿನ ಸುತ್ತು, ಮೂಲಕ್ಕೆ ತಕ್ಕಂತೆ ಅವು ಎಷ್ಟಿರಬೇಕಿತ್ತು ಎಂಬುದನ್ನೂ ಬರೆಯಲಿ. ತೀರ್ಪುಗಾರರು ಆ ಚೀಟಿ ಓದಿ, ಹಾರಾಟ ನೋಡಿ, ಆಮೇಲೆ ರಿವೆಟ್ ಎಣಿಸಲಿ.